ಐಚ್ಛಿಕ ಕನ್ನಡ

ಮಾನ್ವಿಯ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಯವನು ನನ್ನನ್ನು ಉರ್ದುವಿಗೆ ಸೇರಿಸಿದ್ದು ಕೆಟ್ಟ ಬುದ್ಧಿಯಿಂದಲ್ಲ, ಒಳ್ಳೆಯ ಮನಸ್ಸಿನಿಂದಲೇ. ಬಿ.ಎ. ಅರ್ಜಿ ತುಂಬಿಸಲು ಅಬ್ಬಾ ಮತ್ತು ನಾನು ಅವನ ಮುಂದೆ ಕೂತಿದ್ದೆವು. ಮೂರು ಐಚ್ಛಿಕ ವಿಷಯ ಬೇಕು. ಇತಿಹಾಸ, ಅರ್ಥಶಾಸ್ತ್ರ ಎಂದು ಎರಡನ್ನು ನಾನು ಹೇಳಿದೆ. ಅಷ್ಟರಲ್ಲಿ ಅಂಕಪಟ್ಟಿಯ ಝೆರಾಕ್ಸ್ ಬೇಕು ಅಂದದ್ದಕ್ಕೆ ಎದ್ದು ಹೊರಗೆ ಹೋದೆ. ಅಬ್ಬಾ ಫೋನಿನಲ್ಲಿ ಯಾರೊಂದಿಗೋ ದಖ್ಖನಿಯಲ್ಲಿ ಮಾತಾಡುತ್ತಿದ್ದರು. ಅಂಗಡಿಯವನು ಆ ಮಾತು ಕೇಳಿದ, ನನ್ನ ಹೆಸರು ನೋಡಿದ, ಮೂರನೆಯದಕ್ಕೆ ಉರ್ದು ಒತ್ತಿದ. ಆಮೇಲೆ ನಾನು ಜಗಳಕ್ಕೆ ಹೋದಾಗ ಅವನು ಕಣ್ಣು ಪಿಳಿಪಿಳಿ ಬಿಟ್ಟು, "ನಿಮ್ಮ ಮನೀ ಭಾಷಾ ಅಲ್ಲೇನವಾ? ನಿನಗ ಸಲೀಸ್ ಆಗ್ತದಂತ ಹಾಕೀನಿ" ಅಂದ. ಅಂಥವನನ್ನು ಬೈಯುವುದಾದರೂ ಹೇಗೆ? ಆದರೂ ಬೈದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಮನೆಯಲ್ಲಿ ನಾವು ಆಡುವುದು ದಖ್ಖನಿ. ಅದನ್ನು ಆಡುವವರಿಗೆಲ್ಲ ಉರ್ದು ಓದಲು ಬರುತ್ತದೆ ಎಂದು ಊರೆಲ್ಲ ನಂಬಿದೆ. ನಾನು ಒಂದನೇ ತರಗತಿಯಿಂದ ಕಲಿತದ್ದು ಕನ್ನಡ ಶಾಲೆಯಲ್ಲಿ. ಉರ್ದುವಿನ ಅಕ್ಷರಗಳನ್ನು ಒಂದೊಂದಾಗಿ ಗುರುತಿಸಬಲ್ಲೆ, ಕೂಡಿಸಿ ಓದಲು ಹೋದರೆ ಬೆವರುತ್ತೇನೆ. ಕನ್ನಡದ ಸಂಗತಿ ಬೇರೆ. ಅಬ್ಬಾನದು ಗಾದಿ ಅಂಗಡಿ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ನಾನು ಅರಳೆ ಮೂಟೆಯ ಮೇಲೆ ಕೂತು ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಅಬ್ಬಾನಿಗೆ ಕನ್ನಡ ಓದಲು ಬಾರದು. ಮಾತಿನಲ್ಲಿ ಮಾತ್ರ ಚೀಕಲಪರ್ವಿಯಿಂದ ಬರುವ ರೈತರನ್ನೂ ಸೋಲಿಸುತ್ತಾರೆ. ಪಕ್ಕದ ಅಂಗಡಿಯವರೂ ಬಂದು ನಿಂತು ಕೇಳುತ್ತಿದ್ದರು. ಅವರು ಕೇಳುವ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಟೀಚರ್ ಆಗಬೇಕು ಅನ್ನಿಸಿತು. ಅದಕ್ಕೆ ಪದವಿಯಲ್ಲಿ ಐಚ್ಛಿಕ ಕನ್ನಡ ಇರಲೇಬೇಕು. ಅದಿಲ್ಲದಿದ್ದರೆ ಮುಂದಿನ ದಾರಿ ಬಂದ್.

ತಪ್ಪು ಗೊತ್ತಾದದ್ದು ರಾಯಚೂರಿನ ಕಾಲೇಜಿನಲ್ಲಿ, ಪ್ರವೇಶದ ರಶೀದಿ ಕೈಗೆ ಬಂದಾಗ. ಐಚ್ಛಿಕ ಎಂದರೆ ಇಚ್ಛೆಯಿಂದ ಆರಿಸಿಕೊಂಡದ್ದು ಎಂದು ಶಾಲೆಯಲ್ಲಿ ಕಲಿತಿದ್ದೆ. ಯಾರ ಇಚ್ಛೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ಕನ್ನಡ ಫುಲ್ ಆಗೇದ ಯವ್ವಾ. ಒಂದು ಸೀಟೂ ಇಲ್ಲ" ಎಂದರು ಪ್ರವೇಶ ವಿಭಾಗದ ಗುಮಾಸ್ತರು.

ಸಿಟ್ಟು ಬಂತು. ಅದರ ಜೊತೆಗೆ, ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೂ ಆಯಿತು. ಕನ್ನಡ ಬೇಕೆಂದು ಇಷ್ಟೊಂದು ಜನ ಮುಗಿಬಿದ್ದಿದ್ದಾರಲ್ಲ! ಅವರೆಲ್ಲ ನನಗಿಂತ ಹೆಚ್ಚು ಓದಿದವರು, ಕಾವ್ಯವನ್ನೆಲ್ಲ ಬಾಯಿಪಾಠ ಮಾಡಿಕೊಂಡವರು ಎಂದು ಊಹಿಸಿಕೊಂಡು ಒಳಗೊಳಗೇ ಹೆದರಿದೆ.

"ಉರ್ದು ಇರ್ಲಿ ಬಿಡವಾ. ಮನ್ಯಾಗ ಮಾತಾಡೋ ಭಾಷಾ, ನಿನಗೇನು ಕಷ್ಟ?" ಎಂದರು ಗುಮಾಸ್ತರು.

"ನೀವು ಮನ್ಯಾಗ ಕನ್ನಡ ಮಾತಾಡ್ತೀರಲ್ರೀ ಸರ್. ಹಳಗನ್ನಡ ಓದ್ರಿ ನೋಡೋಣು."

ಅಬ್ಬಾ ಮೊಣಕೈಯಿಂದ ತಿವಿದರು. ಗುಮಾಸ್ತರು ಮಾತ್ರ ನಕ್ಕುಬಿಟ್ಟರು. "ಬಾಯಿ ಜೋರದ. ವಕೀಲಿ ಓದಸ್ರಿ ಸಾಹೇಬ್ರ" ಎಂದು ಅಬ್ಬಾನಿಗೆ ಹೇಳಿ, ದೇವದುರ್ಗದ ಕಾಲೇಜಿನಲ್ಲಿ ಕನ್ನಡದ ಸೀಟು ಖಾಲಿ ಇರಬಹುದು, ಹೋಗಿ ನೋಡಿ ಎಂದರು.

ಮರುದಿನ ಅಂಗಡಿಗೆ ಬೀಗ ಹಾಕಿ ದೇವದುರ್ಗಕ್ಕೆ ಹೊರಟೆವು. ಬಸ್ಸು ಬದಲಿಸಬೇಕು, ಬದಲಿಸಿದ ಬಸ್ಸಿಗೆ ಕಾಯಬೇಕು. ಅಲ್ಲಿನವರು "ಬರ್ರಿ, ಕೂಡ್ರಿ" ಎಂದು ನೀರು ಕೊಟ್ಟು, ಸೀಟು ಇದೆ ಎಂದೂ ಹೇಳಿದರು. ನನ್ನ ಮುಖ ಅರಳುವಷ್ಟರಲ್ಲಿ, ರಾಯಚೂರಿನಲ್ಲಿ ಪ್ರವೇಶ ಆಗಿಹೋಗಿದೆ, ವಿಶ್ವವಿದ್ಯಾಲಯದವರು ವರ್ಗಾವಣೆಯ ಆದೇಶ ಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ಹಾಗಾಗಿ ಅದರ ಮರುದಿನದ ಸವಾರಿ ವಿಶ್ವವಿದ್ಯಾಲಯ ಇರುವ ಯರಗೇರಾಕ್ಕೆ.

ಯರಗೇರಾದಲ್ಲಿ ಮೊದಲು ಕೇಳಿಸಿದ ಮಾತು, "ಸರ್ವರ್ ಬಿದ್ದದ್ರಿ."

"ಬಿದ್ದಿದ್ರ ಎಬ್ಬಿಸ್ರಲ್ಲ" ಎಂದರು ಅಬ್ಬಾ, ತಮಾಷೆಗಲ್ಲ.

ಅದು ಎದ್ದಾಗ ಮಧ್ಯಾಹ್ನವಾಗಿತ್ತು. ಅಲ್ಲಿದ್ದ ಹೆಣ್ಣುಮಗಳೊಬ್ಬಳು ತಾಳ್ಮೆಯಿಂದ ಎಲ್ಲ ಕೇಳಿ, ದೇವದುರ್ಗ ಯಾಕೆ, ರಾಯಚೂರಿನಲ್ಲೇ ಒಂದು ಸೀಟು ಹೆಚ್ಚಿಗೆ ಕೊಡಬಹುದು, ಕಾಲೇಜಿನವರು ಬರೆದುಕೊಡಲಿ, ಅದಕ್ಕೂ ಮೊದಲು ಉರ್ದು ವಿಭಾಗದವರು ನಿನ್ನನ್ನು ಬಿಟ್ಟೆವೆಂದು ಸಹಿ ಮಾಡಲಿ ಎಂದಳು. ವಿಷಯ ಬದಲಾವಣೆಗೆ ನಾಳೆಯೇ ಕೊನೆ ಎಂದೂ ಹೇಳಿದಳು. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬಂದಿದ್ದೆವು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಸಾಕು ಅಬ್ಬಾ, ಉರ್ದುವೇ ಇರಲಿ, ನಾಳೆ ಅಂಗಡಿ ತೆಗೆಯಿರಿ ಎಂದೆ. ಮೊದಲ ದಿನ ಉರ್ದುವೇ ಓದು ಎಂದು ಬುದ್ಧಿ ಹೇಳಿದವರು ಅವರೇ. ಈಗ ನನ್ನತ್ತ ತಿರುಗಿ, "ನಕ್ಕೊ" ಎಂದರು. ಬೇಡ ಎಂದು. ಮೊದಲು ಕನ್ನಡ ನಿನ್ನ ಹಟವಾಗಿತ್ತು, ಇಷ್ಟೆಲ್ಲ ಓಡಾಡಿಸಿದ ಮೇಲೆ ಈಗ ಅದು ನನ್ನ ಹಟ ಎಂದರು. ನನ್ನ ಸಿಟ್ಟು ಎಲ್ಲಿಂದ ಬಂತು ಎಂದು ಮನೆಯವರು ಕೇಳುತ್ತಿರುತ್ತಾರೆ. ಹಾಗೆ ಕೇಳುವವರು ಅವತ್ತು ಆ ಬಸ್ಸಿನಲ್ಲಿ ಇರಬೇಕಿತ್ತು.

ಮರುದಿನ ರಾಯಚೂರಿನ ಕಾಲೇಜಿನ ಉರ್ದು ವಿಭಾಗದಲ್ಲಿ ಇದ್ದವರು ವಯಸ್ಸಾದ ಮೇಷ್ಟ್ರು. ವಿಷಯ ತಿಳಿಸಿದಾಗ ಅವರು ಮೇಜಿನ ಮೇಲಿದ್ದ ಉರ್ದು ಪತ್ರಿಕೆಯನ್ನು ನನ್ನ ಕಡೆಗೆ ಸರಿಸಿದರು. ಮೊದಲ ಶಬ್ದವನ್ನು ಹೇಗೋ ದಾಟಿದೆ, ಎರಡನೆಯದರಲ್ಲಿ ಮುಗ್ಗರಿಸಿದೆ. "ಬಸ್, ಬಸ್", ಸಾಕು ಎಂದು ಕೈ ಎತ್ತಿದರು. ಆಮೇಲೆ, "ಕನ್ನಡ ಕೈಕು?" ಎಂದು ಕೇಳಿದರು. ಯಾಕೆ ಎಂಬ ಆ ಸಣ್ಣ ಪ್ರಶ್ನೆಗೆ ಎಷ್ಟೋ ದೊಡ್ಡ ಉತ್ತರಗಳನ್ನು ಸಿದ್ಧಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು, "ಪಸಂದ್ ಹೈ ಸರ್" ಎಂಬುದೊಂದೇ. ಇಷ್ಟ ಅಂತ.

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆಯುತ್ತ ಅಬ್ಬಾನನ್ನು ನೋಡಿ, "ಬಸ್ ಸಿಗಂಗಿಲ್ಲಂತ ಉರ್ದು ಬಿಟ್ಟು ಹೋಗ್ಯಾರ, ನೌಕರಿ ಸಿಗಂಗಿಲ್ಲಂತ ಬಿಟ್ಟು ಹೋಗ್ಯಾರ. ಬ್ಯಾರೇದು ಇಷ್ಟ ಅಂತ ಹೇಳಿ ಬಿಟ್ಟು ಹೊಂಟಾಕಿ ಈಕೀನ ಮೊದಲು" ಎಂದು ಸಹಿ ಹಾಕಿದರು. ಅವರ ಮೇಲೆ ನನಗೆ ಆಗ ಹುಟ್ಟಿದ ಪ್ರೀತಿ ಇವತ್ತಿಗೂ ಹಾಗೇ ಇದೆ.

ಕಾಲೇಜಿನವರು ಬರೆದು ಕಳಿಸಿದರು, ಸಂಜೆಯ ಹೊತ್ತಿಗೆ ಯರಗೇರಾದಿಂದ ಮಂಜೂರಾತಿ ಬಂತು. ಗುಮಾಸ್ತರು ಹೊಸ ರಶೀದಿ ಕೊಟ್ಟರು. ಅಬ್ಬಾ ಹೋಟೆಲಿನಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ಭಜಿ ಕೊಡಿಸಿದರು. ಅಷ್ಟು ರುಚಿಯಾದ ಮಿರ್ಚಿಯನ್ನು ನಾನು ಆಮೇಲೆ ತಿಂದಿಲ್ಲ.

ಮೊದಲ ಕನ್ನಡ ತರಗತಿಗೆ ನಾಲ್ಕು ವಚನ ಬಾಯಿಪಾಠ ಮಾಡಿಕೊಂಡು ಹೋದೆ. ಕೋಣೆ ತುಂಬಿತ್ತು. ಈ ಪಂಡಿತರ ನಡುವೆ ಮಾನ ಉಳಿದರೆ ಸಾಕೆಂದು ಕೊನೆಯ ಬೆಂಚಿನಲ್ಲಿ ಕೂತೆ. ತಲೆ ನರೆತ ಮೇಡಂ ಒಬ್ಬರು ಬಂದು, ಯಾವ ಊರು, ಕನ್ನಡ ಯಾಕೆ ತೆಗೆದುಕೊಂಡಿರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳತೊಡಗಿದರು.

"ಸಮಾಜಶಾಸ್ತ್ರ ಕೇಳಿದ್ದೆರೀ ಮೇಡಂ, ಸಿಗಲಿಲ್ಲ."

"ರಾಜ್ಯಶಾಸ್ತ್ರ ಫುಲ್ ಆಗಿತ್ರಿ. ಇದರಾಗ ಹಾಕಿದ್ರು."

ಮಟಮಾರಿ ಎಂಬ ಊರಿನ ಹುಡುಗಿಯೊಬ್ಬಳು ಪ್ರಾಮಾಣಿಕವಾಗಿ, "ಯಾಕಂತ ಗೊತ್ತಿಲ್ರಿ. ಕಂಪ್ಯೂಟರ್ ಅಂಗಡ್ಯಾವ್ರು ಒತ್ತಿಬಿಟ್ರು" ಎಂದಳು.

ಬೆಂಚಿನಿಂದ ಬೆಂಚಿಗೆ ಅದೇ ರಾಗ. ಮೇಡಂ ತಲೆಯಾಡಿಸುತ್ತಿದ್ದರು, ವರ್ಷ ವರ್ಷವೂ ಕೇಳಿದ್ದನ್ನೇ ಕೇಳುವವರ ಹಾಗೆ. ನನಗೆ ಸಿಟ್ಟು ಏರುತ್ತಿತ್ತು. ಇವರಿಗೇ ನಾನು ಹೆದರಿದ್ದು? ಇವರಿಂದಲೇ ಸೀಟು ಫುಲ್ ಆಗಿದ್ದು? ನನ್ನ ಸರದಿ ಬಂದಾಗ ದನಿ ಜೋರಾಗಿಯೇ ಬಂತು.

"ಮಾನ್ವಿ ಮೇಡಂ. ನಾ ಕನ್ನಡನ ಕೇಳಿದ್ದೆ. ಕೊಡಲಿಲ್ಲ. ಕೊಡೋತನಕ ಕೇಳಿದೆ."

ತರಗತಿ ಗೊಳ್ಳೆಂದು ನಕ್ಕಿತು. ಮೇಡಂ ನಗಲಿಲ್ಲ. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಕೇಳಿ ತಗೊಂಡೀಯೇನವಾ?"

"ಹೌದ್ರಿ."

"ಮುಂದ ಬಾ. ಇಲ್ಲಿ ಕೂಡು."

ಮೊದಲ ಬೆಂಚಿನವರು ಸರಿದು ಜಾಗ ಬಿಟ್ಟರು. ಮೇಡಂ ಮುಚ್ಚಿಟ್ಟಿದ್ದ ಹಾಜರಿ ಪುಸ್ತಕವನ್ನು ಪಕ್ಕಕ್ಕಿಟ್ಟು ಸೀಮೆಸುಣ್ಣ ಹುಡುಕಿದರು. "ಇವತ್ತು ಹೆಸರು ಕೇಳಿ ಬಿಟ್ಟುಬಿಡಬೇಕಂತ ಬಂದಿದ್ದೆ. ಈಗ ಬಿಡಂಗಿಲ್ಲ. ಪುಸ್ತಕ ತಗೀರಿ" ಎಂದರು.

ಹಿಂದಿನಿಂದ ಯಾರೋ ನನ್ನನ್ನು ಚೆನ್ನಾಗಿಯೇ ಬೈದರು. ನಾನು ಪುಸ್ತಕ ತೆಗೆದೆ.