ಫರಸಿಯ ಬೆನ್ನ ಮೇಲೆ ಬರೆದ ಪಾಠ

ಶಹಾಬಾದಿನ ಕಲ್ಲಿನ ಮೇಲೆ ಕಾಲಿಡದೆ ನಮ್ಮ ಸೀಮೆಯಲ್ಲಿ ಯಾರೂ ದೊಡ್ಡವರಾಗಿಲ್ಲ. ಸೇಡಮಿನ ಶಾಲೆಯ ಪಡಸಾಲೆಯಿಂದ ಚಿತ್ತಾಪುರದ ಕಚೇರಿಯ ಮೆಟ್ಟಿಲಿನವರೆಗೆ, ವಾಡಿಯ ಮುಸಾಫಿರಖಾನೆಯಿಂದ ಚಿಂಚೋಳಿಯ ಬಡವರ ಅಡುಗೆಮನೆಯವರೆಗೆ, ಹಾಸಿದ್ದು ಅದೇ ನೀಲಿ ಫರಸಿ. ನಡೆದವರು ಕಲ್ಲನ್ನು ಹೊಗಳುತ್ತಾರೆ. ಕೊಯ್ದ ಕೈಯ ಹೆಸರು ಕೇಳುವ ಗೋಜಿಗೆ ಹೋಗುವುದಿಲ್ಲ. ನಲವತ್ತೆರಡು ವರ್ಷ ಆ ಕಲ್ಲಿನೊಡನೆ ಬಾಳಿ, ಈ ಫಸಲಿ ೧೩೫೬ರಲ್ಲಿ, ಅಂದರೆ ಇಸವಿ ೧೯೪೬ರಲ್ಲಿ, ಗಣಿಯ ಕೆಲಸದಿಂದ ನಿವೃತ್ತರಾಗುತ್ತಿರುವ ಮಿಸ್ತ್ರಿ ಮಜೀದಸಾಬರ ಹೆಸರನ್ನು ಅಚ್ಚಿನಲ್ಲಿ ಕಾಣಿಸುವ ಭಾಗ್ಯ ಈ ಅಭಿನಂದನ ಗ್ರಂಥಕ್ಕೆ ಒದಗಿದೆ. ಅದಕ್ಕಾಗಿ ನಾವು ಹೆಮ್ಮೆಪಡುತ್ತೇವೆ, ಮುಚ್ಚಿಡುವುದೇನೂ ಇಲ್ಲ.

ಹೆಸರಿನ ಹಿಂದೆ ಯಾವ ಬಿರುದು ಹಾಕಬೇಕೆಂಬುದರ ಬಗ್ಗೆ ಅಭಿನಂದನ ಸಮಿತಿಯಲ್ಲಿ ಎರಡು ಸಂಜೆ ವಾದ ನಡೆಯಿತು. ಅಧ್ಯಕ್ಷರೂ ಚಿತ್ತಾಪುರದ ಪಂಡಿತರೂ ಆದ ಗುರುಲಿಂಗಪ್ಪನವರು ‘ಶಿಲಾಶಾಸ್ತ್ರ ಪ್ರವೀಣ’ ಎಂದು ಸೂಚಿಸಿದರು. ಸುದ್ದಿ ತಿಳಿದ ಮಜೀದಸಾಬರು ತಾವಾಗಿಯೇ ಬಂದು, ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಕೈಮುಗಿದು ಹೇಳಿದರು: “ಅಷ್ಟ್ ದೊಡ್ಡ ಹೆಸರು ನನ್ನ ಮನಿ ಬಾಗಲದಾಗ ಹಿಡಿಯಂಗಿಲ್ಲರಿ. ಮಿಸ್ತ್ರಿ ಅಂತ ಬರೀರಿ, ಸಾಕು.” ಹೇಳಿದವರು ಹಾಗೆಯೇ ಕೂತು ಸಮಿತಿಯ ಕೋಣೆಯ ನೆಲವನ್ನು ಬೆರಳಿನಿಂದ ತಟ್ಟಿ, ಮೂಲೆಯ ಒಂದು ಕಲ್ಲು ಪೊಳ್ಳಾಗಿದೆ ಎಂದು ತಿಳಿಸಿ ಎದ್ದರು.

ಈ ತಟ್ಟಿ ನೋಡುವ ಚಟ ಅವರಿಗೆ ಹುಟ್ಟಿನಿಂದ ಬಂದದ್ದು. ಚಿಂಚೋಳಿ ತಾಲೂಕಿನ ಐನಾಪುರದ ಬಡ ಮನೆತನದಲ್ಲಿ ಹುಟ್ಟಿ, ಮಸೀದಿಯಲ್ಲಿ ನಾಲ್ಕು ಉರ್ದು ಅಕ್ಷರವನ್ನೂ ಊರ ಅಯ್ಯನವರ ಬಳಿ ನಾಲ್ಕು ಕನ್ನಡ ಅಕ್ಷರವನ್ನೂ ಕಲಿತು, ಹದಿನೆಂಟರ ಹರೆಯದಲ್ಲಿ ಶಹಾಬಾದಿನ ಗಣಿಗೆ ಬಂದು ಸೇರಿದರು. ಸುತ್ತಿಗೆ ಹಿಡಿದವರು ಇಪ್ಪತ್ತು ವರ್ಷದೊಳಗೆ ಗಣಿಯ ಮಿಸ್ತ್ರಿಯಾದರು. ಕಲ್ಲಿನ ಮೇಲೆ ಅಂಗೈ ಇಟ್ಟು, ಅದು ಎಲ್ಲಿ ಸೀಳುತ್ತದೆಂದು ಹೇಳಬಲ್ಲವರಾದರು.

ಈ ಗ್ರಂಥಕ್ಕೆ ನಿಜವಾದ ಕಾರಣವಾದ ಸಂಗತಿ ನಡೆದದ್ದು ೧೯೩೦ರಲ್ಲಿ. ಗಣಿಯ ಮಾಲೀಕರು ಸ್ಪೇನ್ ದೇಶದಿಂದ ಕಲ್ಲು ಕೊಯ್ಯುವ ದೊಡ್ಡ ಗರಗಸದ ಯಂತ್ರ ತರಿಸಲು ನಿಶ್ಚಯಿಸಿದರು. ಯಂತ್ರ ಮಾಡುವವರು ಒಂದು ಶರತ್ತು ಹಾಕಿದರು. ನಿಮ್ಮ ಆಳನ್ನು ಇಲ್ಲಿಗೆ ಕಳುಹಿಸಿ. ಮೂರು ತಿಂಗಳಲ್ಲಿ ಕಲಿತು, ನಮ್ಮ ಮುಂದೆ ಒಂದು ಬಂಡೆಯನ್ನು ಬಿರುಕಿಲ್ಲದೆ ಕೊಯ್ದು ತೋರಿಸಿದರೆ ಬರೀ ಯಂತ್ರ ಬರುತ್ತದೆ. ಇಲ್ಲವಾದರೆ ಯಂತ್ರದ ಜೊತೆ ನಮ್ಮ ಜನ ಬಂದು, ತಮ್ಮ ಕೆಲಸಗಾರರನ್ನು ತಾವೇ ಆರಿಸಿ ನಡೆಸುತ್ತಾರೆ.

ಗಣಿಯಲ್ಲಿ ಆಗ ಅರವತ್ತು ಮನೆತನ ದುಡಿಯುತ್ತಿದ್ದವು. ಅವರ ಹಿರಿಯನೂ ಈ ಲೇಖಕನ ತಂದೆಯೂ ಆದ ಶಿವರಾಯ, ಮಜೀದಸಾಬರ ಮನೆಗೆ ಬಂದು ನೆಲ ನೋಡುತ್ತ ಕೂತ.

“ಹೊರಗಿನವರು ಯಂತ್ರದ ಮುಂದ ನಿಂತ್ರ, ನಾವು ಬುಟ್ಟಿ ಹೊತ್ಕೊಂಡು ಹಿಂದ ನಿಂದರಬೇಕಾಗ್ತದ, ಮಿಸ್ತ್ರಿ. ಒಮ್ಮಿ ಹಿಂದ ನಿಂತವರು ಮತ್ತ ಮುಂದ ಬರಂಗಿಲ್ಲ.”

“ಕಲ್ತೇ ಬರ್ತೀನಿ, ಶಿವರಾಯ,” ಎಂದರು ಮಜೀದಸಾಬರು. “ಕಲೀಲಿಲ್ಲಂದ್ರ ಶಹಾಬಾದ ಸ್ಟೇಷನ್‌ದಾಗ ಇಳಿಯಂಗಿಲ್ಲ. ಗಾಡಿ ಎಲ್ಲಿಗಿ ಹೋಗ್ತದೋ ಅಲ್ಲಿಗಿ ಹೋಗ್ತೀನಿ.”

ಪತ್ನಿ ಆಶಾಬಿಯವರು ಖಡಕ್ ರೊಟ್ಟಿಯ ಗಂಟು ಕಟ್ಟಿಕೊಟ್ಟು ಒಂದೇ ಬುದ್ಧಿಮಾತು ಹೇಳಿದರು: “ಪರದೇಶದಾಗ ನೆಲ ಕಂಡಲ್ಲೆಲ್ಲ ಕುಂದರಬ್ಯಾಡ್ರಿ. ನೋಡಿದವರು ಏನಂದಾರು.”

ಜೊತೆಗೆ ಹೊರಟಿದ್ದ, ಇಂಗ್ಲಿಷ್ ಬಲ್ಲ ಗುಮಾಸ್ತ ನಾಗೇಂದ್ರಪ್ಪನವರು ಹಡಗಿನ ಓಲಾಟಕ್ಕೆ ಹಾಸಿಗೆ ಹಿಡಿದು, ಮಾರ್ಸೇಲ್ಸಿನಿಂದಲೇ ತಿರುಗಿ ಹೊರಟರು. ನಲವತ್ತನಾಲ್ಕರ ಮಜೀದಸಾಬರು ಒಬ್ಬರೇ ಮುಂದೆ ಹೋಗಿ, ಸ್ಪೇನಿನ ದಕ್ಷಿಣದ ಗುಡ್ಡಗಳ ನಡುವಿನ ಒಂದು ಅಮೃತಶಿಲೆಯ ಊರನ್ನು ಮುಟ್ಟಿದರು. ಮುಟ್ಟಿದ ಮೇಲೆ ತಿಳಿದದ್ದೆಂದರೆ, ಆ ಊರಿನಲ್ಲಿ ಇಂಗ್ಲಿಷ್ ಬಲ್ಲವರೂ ಯಾರೂ ಇಲ್ಲ. ನಾಗೇಂದ್ರಪ್ಪನವರು ಬಂದಿದ್ದರೂ ಇಬ್ಬರು ಮೂಗರಾಗುತ್ತಿದ್ದರು, ಅಷ್ಟೇ.

ಮೊದಲ ಹದಿನೈದು ದಿನ ಯಂತ್ರದವರ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಅವರು ಹಾಳುಗೆಡವಿದ ಕಲ್ಲು ಒಂದೆರಡಲ್ಲ. ಗರಗಸ ಅರ್ಧಕ್ಕೆ ಬರುವಷ್ಟರಲ್ಲಿ ಬಂಡೆ ಬಿರಿಯುತ್ತಿತ್ತು. ಏಕೆಂದು ಕೇಳಲು ಬಾಯಿಲ್ಲ; ಕೇಳಿದರೂ ಹೇಳುವವರಿಗೆ ಪುರುಸೊತ್ತಿಲ್ಲ. ಹದಿನಾರನೆಯ ದಿನ ಬೆಳಿಗ್ಗೆ, ತಲೆ ಕೆಳಗೆ ಹಾಕಿ ನಡೆಯುತ್ತಿದ್ದವರ ಕಣ್ಣಿಗೆ ತೆರೆದ ಬಾಗಿಲೊಳಗಿನ ಒಂದು ಅಂಗಳ ಬಿತ್ತು. ಅಂಗಳದ ನೆಲ ಎಲ್ಲೆಂದರಲ್ಲಿ ಎದ್ದು ಕುಸಿದಿತ್ತು. ಆಶಾಬಿಯವರ ಮಾತು ಅಲ್ಲಿಗೆ ಮುಗಿಯಿತು. ಮಜೀದಸಾಬರು ಒಳಗೆ ಹೋಗಿ ಕುಳಿತೇಬಿಟ್ಟರು.

ಅದು ರೆಮೆದಿಯೋಸ್ ಎಂಬ ವಿಧವೆಯ ಮನೆ. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿ ವಿರಮಿಸಿದ್ದ ಶಾಲಾ ಶಿಕ್ಷಕಿ ಆಕೆ. ಶಹಾಬಾದಿನ ಓಣಿಗಳಲ್ಲಿ ಮುಂದೆ ಆಕೆಯ ಹೆಸರು ‘ರೇಮದಿಬಾಯಿ’ ಎಂದೇ ನಿಂತಿತು. ನಾವೂ ಹಾಗೆಯೇ ಕರೆಯುತ್ತೇವೆ. ರುಮಾಲಿನ ಅಪರಿಚಿತನೊಬ್ಬ ತನ್ನ ಅಂಗಳ ತಟ್ಟುತ್ತ ಕೂತಿದ್ದನ್ನು ಕಂಡ ರೇಮದಿಬಾಯಿ, ಹಸಿದವನಿರಬೇಕೆಂದು ರೊಟ್ಟಿ ತಂದುಕೊಟ್ಟರು. ಮಜೀದಸಾಬರು ರೊಟ್ಟಿ ತಿಂದರು, ಒಂದು ಕಲ್ಲು ಎತ್ತಿ ಸರಿಯಾಗಿ ಕೂರಿಸಿದರು, ನೆಲ ತೋರಿಸಿ ತಮ್ಮ ಎದೆ ಮುಟ್ಟಿಕೊಂಡರು, ಆಮೇಲೆ ಗೋಡೆಗೆ ತೂಗಿದ್ದ ಪಾಟಿಯನ್ನು ತೋರಿಸಿ ತಮ್ಮ ಬಾಯಿ ಮುಟ್ಟಿಕೊಂಡರು. ನೆಲ ನಾನು ಹಾಕುತ್ತೇನೆ, ಮಾತು ನೀವು ಹಾಕಿರಿ ಎಂಬ ಈ ಕರಾರು ಆಕೆಗೆ ತಿಳಿಯಲು ತಡವಾಗಲಿಲ್ಲ. ದಿನಕ್ಕೊಂದು ಪಾಠ, ದಿನಕ್ಕೊಂದು ಕಲ್ಲು ಎಂದಾಯಿತು. ಕಾರ್ಖಾನೆಯ ಮೂಲೆಯಲ್ಲಿ ಎಸೆದ ತುಂಡುಗಳನ್ನು ಮೇಲ್ವಿಚಾರಕ ಮುಕಾದಮನಿಗೆ ತೋರಿಸಿ, ಅವನು ತಲೆಯಾಡಿಸಿದ ಮೇಲೆ ಹೊತ್ತು ತರುತ್ತಿದ್ದರು.

ಪಾಠದ ಮೊದಲ ದಿನವೇ ಗುರುಶಿಷ್ಯರು ಅದಲುಬದಲಾದರು. ರೇಮದಿಬಾಯಿ ತಮ್ಮ ಎದೆ ಮುಟ್ಟಿಕೊಂಡು ‘ಮಾಯೆಸ್ತ್ರಾ’ ಎಂದರು; ಆ ನುಡಿಯಲ್ಲಿ ಶಿಕ್ಷಕಿಗೆ ಹಾಗೆನ್ನುತ್ತಾರೆ. ಮಜೀದಸಾಬರಿಗೆ ಕೇಳಿಸಿದ್ದು ‘ಮಿಸ್ತ್ರಿ’. ಈ ದೇಶದಲ್ಲಿ ಹೆಂಗಸರೂ ಮಿಸ್ತ್ರಿಗಳಾಗುತ್ತಾರೆ, ಭಲೆ, ಎಂದುಕೊಂಡು ತಮ್ಮ ಗಾರೆ ಮೆತ್ತುವ ಕರಣಿಯನ್ನು ಎರಡೂ ಕೈಯಿಂದ ಆಕೆಗೆ ಒಪ್ಪಿಸಿ, ಪಕ್ಕಕ್ಕೆ ಸರಿದು ನಿಂತರು. ಆಕೆ ಕರಣಿ ಹಿಡಿದು ನಿಂತದ್ದೇ ನಿಂತದ್ದು.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿತ್ತು. ರೇಮದಿಬಾಯಿ ಪ್ರತಿ ಮಾತಿಗೂ ಅವರನ್ನು ‘ಉಸ್ತೇದ್’ ಎನ್ನುತ್ತಿದ್ದರು. ಗುರುವನ್ನು, ಕಸುಬಿನ ದೊಡ್ಡವನನ್ನು ನಮ್ಮವರು ‘ಉಸ್ತಾದ್’ ಎನ್ನುತ್ತಾರಲ್ಲ, ಮಜೀದಸಾಬರ ಕಿವಿ ಅದನ್ನೇ ಹಿಡಿಯಿತು. ಬಿರಿದ ಕಲ್ಲುಗಳ ರಾಶಿ ಹಾಕಿ ಬಂದವನನ್ನು, ನೀರು ಎಂಬ ಮಾತೂ ಬಾರದವನನ್ನು, ಕಲಿಸುವಾಕೆಯೇ ‘ಉಸ್ತಾದ್, ಕೂಡ್ರಿ, ಉಸ್ತಾದ್, ಬರೀರಿ’ ಎನ್ನುತ್ತಿದ್ದಾಳೆ. ಅವರಿಗೆ ನಾಚಿಕೆಯಾಯಿತು. ಕೈ ಅಲ್ಲಾಡಿಸಿ ಬೇಡವೆಂದರೂ ಆಕೆ ಬಿಡಲಿಲ್ಲ. ವಾರ ಕಳೆದ ಮೇಲೆ, ಪಾದ್ರಿಗೆ, ಅಂಚೆಯವನಿಗೆ, ಬಾಗಿಲಿಗೆ ಬಂದ ಹಾಲಿನವಳಿಗೆ ಆಕೆ ಅದೇ ಮಾತು ಆಡುವುದನ್ನು ಕೇಳಿದಾಗ ಗುಟ್ಟು ಬಯಲಾಯಿತು. ಅದು ಬಿರುದಲ್ಲ, ಬರೀ ‘ನೀವು’. ಸಲಿಗೆಯವರಿಗೆ, ಸಣ್ಣವರಿಗೆ, ಆಳುಕಾಳುಗಳಿಗೆ ‘ತೂ’ ಎಂಬ ಬೇರೊಂದು ಮಾತಿತ್ತು, ನಮ್ಮ ಊರಿನಲ್ಲಿರುವ ಹಾಗೆಯೇ.

ಕಾಗದಕ್ಕಿಂತ ಕಲ್ಲಿನ ಮೇಲೆ ಬರೆಯುವುದು ಮಜೀದಸಾಬರಿಗೆ ಸಲೀಸು. ಅಂದಂದು ಕಲಿತ ಮಾತನ್ನು ರಾತ್ರಿ ತಮ್ಮ ಬಿಡಾರದಲ್ಲಿ ಮರುದಿನದ ಕಲ್ಲಿನ ಹಿಂಬದಿಯಲ್ಲಿ ಉಳಿಯಿಂದ ಕನ್ನಡದಲ್ಲಿ ಕೆತ್ತಿ, ಬಾಯಿಪಾಠವಾಗುವವರೆಗೆ ನೋಡಿ, ಆಮೇಲೆ ಬೆನ್ನು ಕೆಳಗೆ ಮಾಡಿ ಹಾಸುತ್ತಿದ್ದರು. “ಮರ್ತರ ಕಲ್ಲ ಕಿತ್ತಿ ನೋಡಬೇಕಿತ್ತು. ಹಾಸಿದ ಕಲ್ಲ ಕೀಳೋದು ನನ್ನ ಕೈಲಿ ಆಗಂಗಿಲ್ಲ. ಅದಕ್ಕ ಮರೀಲಿಲ್ಲ,” ಎಂದು ಅವರು ಈಗಲೂ ಹೇಳುತ್ತಾರೆ.

ಇನ್ನು ಕಾರ್ಖಾನೆಯ ಮಾತು. ಅಲ್ಲಿ ಬಾಲ್ತಸಾರ್ ಎಂಬ ಮುದುಕ ಗರಗಸಕ್ಕೆ ಮರಳು ನೀರು ಹಾಕುತ್ತಿದ್ದ. ಮಾಲೀಕನಿಂದ ಹಿಡಿದು ಮೊನ್ನೆ ಸೇರಿದವನವರೆಗೆ ಎಲ್ಲರೂ ಅವನಿಗೆ ‘ತೂ’ ಎನ್ನುವವರೇ. ಎರಡನೆಯ ತಿಂಗಳ ಒಂದು ದಿನ ಮಜೀದಸಾಬರು ಅವನ ಮುಂದೆ ನಿಂತು, ತಮ್ಮ ಮುರುಕು ಸ್ಪ್ಯಾನಿಶಿನಲ್ಲಿ ಕೇಳಿದರು: “ಉಸ್ತೇದ್, ಬಾಲ್ತಸಾರ್, ಕಲ್ಲು ಯಾಕ ಒಡೀತದ ಅಂತ ನಿಮಗ ಗೊತ್ತದೇನ್ರಿ?” ಮುದುಕ ಹಿಂತಿರುಗಿ ನೋಡಿದ, ಬೇರೆ ಯಾರನ್ನೋ ಕೇಳುತ್ತಿದ್ದಾನೆ ಎಂದು. ಹಿಂದೆ ಯಾರೂ ಇರಲಿಲ್ಲ.

 ಮರುದಿನ ಅವನೇ ಕರೆದು, ಮಜೀದಸಾಬರ ಅಂಗೈಯನ್ನು ಗರಗಸ ನಡೆಯುತ್ತಿರುವ ಬಂಡೆಯ ಮಗ್ಗುಲಿಗೆ ಒತ್ತಿ ಹಿಡಿದ. ಆ ಗರಗಸಕ್ಕೆ ಹಲ್ಲಿಲ್ಲ; ಕೊಯ್ಯುವುದು ಅದರಡಿಯ ಮರಳು. ಮರಳು ತೀರಿದರೆ ಕಬ್ಬಿಣ ಕಲ್ಲನ್ನು ಕಾಯಿಸುತ್ತದೆ, ಕಾದ ಕಲ್ಲು ಬಿರಿಯುತ್ತದೆ. ಮರಳು ತೀರುವ ಮುಂಚೆ ಕಲ್ಲಿನ ನಡುಕ ಒಂದು ಚೂರು ಬದಲಾಗುತ್ತದೆ. ಕಾರ್ಖಾನೆಯ ಸದ್ದಿನಲ್ಲಿ ಅದು ಕಿವಿಗೆ ಸಿಗದು, ಕೈಗೆ ಸಿಗುತ್ತದೆ. ಯಂತ್ರದ ಪುಸ್ತಕದಲ್ಲಿ ಇರದಿದ್ದ, ನಲವತ್ತು ವರ್ಷದಿಂದ ಯಾರೂ ಕೇಳದಿದ್ದ ಈ ವಿದ್ಯೆಯನ್ನು ಆ ಮುದುಕ ಹದಿನೈದು ದಿನ ಅವರ ಕೈ ಹಿಡಿದೇ ಕಲಿಸಿದ.

ಪರೀಕ್ಷೆಯ ದಿನ ಕಾರ್ಖಾನೆಯವರು ಬೇಕೆಂದೇ ಗೆರೆಗೆರೆಯ ಕೆಟ್ಟ ಬಂಡೆಯನ್ನು ಆರಿಸಿ ಇಟ್ಟರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಜೀದಸಾಬರು ಅಂಗೈ ತೆಗೆಯಲಿಲ್ಲ. ಶಿವರಾಯನ ಮಾತೊಂದೇ ತಲೆಯಲ್ಲಿತ್ತಂತೆ. ಸಂಜೆ ಕೊಯ್ದ ಕಲ್ಲಿನ ಹಲಗೆಗಳನ್ನು ಬಿಡಿಸಿದಾಗ ಒಂದರಲ್ಲೂ ಕೂದಲೆಳೆಯಷ್ಟು ಬಿರುಕಿರಲಿಲ್ಲ. ಮಾಲೀಕ ಬಂದು ಅವರ ಕೈ ಕುಲುಕಿದ. ಮಜೀದಸಾಬರು ಬಾಲ್ತಸಾರನನ್ನು ತೋರಿಸಿ, ಪಾಠದಲ್ಲಿ ಕಲಿತ ಒಂದು ಪೂರ್ತಿ ವಾಕ್ಯ ಹೇಳಿದರು: “ನನಗೆ ಕಲಿಸಿದವರು ಇವರು.” ಮಾಲೀಕ ಆ ಮುದುಕನ ಕೈಯನ್ನೂ ಕುಲುಕಬೇಕಾಯಿತು.

ಬರೀ ಯಂತ್ರ ಬಂತು. ಮಜೀದಸಾಬರು ಶಹಾಬಾದ ಸ್ಟೇಷನ್ನಿನಲ್ಲೇ ಇಳಿದರು. ಅರವತ್ತು ಮನೆತನವೂ ಅಲ್ಲಿ ನಿಂತಿತ್ತು. ಯಂತ್ರದ ಮುಂದೆ ಮೊದಲು ನಿಂತವನು ಶಿವರಾಯ. ಅಂದಿನಿಂದ ಇಂದಿನವರೆಗೆ ಮಜೀದಸಾಬರು ನೂರಾರು ಜನರಿಗೆ ಕಲಿಸಿದ್ದಾರೆ. ಒಮ್ಮೆಯೂ ಗುಂಪು ಕೂರಿಸಿ ಕಲಿಸಿಲ್ಲ. ಒಂದು ಹೊತ್ತಿಗೆ ಒಬ್ಬರೇ, ಕೈ ಹಿಡಿದೇ. “ಹತ್ತ ಮಂದಿಗಿ ಹೇಳಿದ್ದು ಒಬ್ಬನೂ ಕೇಳಂಗಿಲ್ಲ. ಒಬ್ಬಗ ಹೇಳಿದ್ದು ಹತ್ತ ಮಂದಿಗಿ ಮುಟ್ತದ,” ಎನ್ನುವುದು ಅವರ ಶಿಕ್ಷಣಶಾಸ್ತ್ರ. ಮೇಲಿನವರು ಕೆಳಗಿನವರನ್ನು ಏಕವಚನದಲ್ಲಿ ಕರೆಯುವುದೇ ದಸ್ತೂರಾಗಿದ್ದ ಕಾಲದಲ್ಲಿ, ಬುಟ್ಟಿ ಹೊರುವವರಿಗೂ ಅವರು ‘ಬರ್ರಿ, ಕೂಡ್ರಿ’ ಎಂದರು. ಹಳೆಯ ಗೆಳೆಯ ಶಿವರಾಯನಿಗೂ ಬಹುವಚನ ಬಂದಾಗ ಅವನು ಹೆದರಿ, “ನನ್ನ ಮ್ಯಾಲ ಏನರ ಸಿಟ್ಟಾಗೀರೇನು?” ಎಂದು ಕೇಳಿದ್ದುಂಟು. ಕುಂಚಾವರಂ ಕಡೆಯಿಂದ ತೆಲುಗು ಮಾತಾಡುವ ಕೂಲಿಯವರು ಬಂದಾಗ ಮಜೀದಸಾಬರು ಮೊದಲು ಕಲಿತದ್ದು ‘ಅಂಡಿ’ ಎಂಬ ಗೌರವದ ಮಾತನ್ನು. “ಯಾವ ಭಾಷಿ ಕಲೀಲಿಕ್ ಹೋದ್ರೂ ಮೊದಲ ಅದರ ‘ರಿ’ ಎಲ್ಲದ ಅಂತ ಹುಡುಕ್ರಿ. ಉಳಿದದ್ದು ತಾನಾ ಬರ್ತದ.”

ಸ್ಪೇನಿನಲ್ಲಿ ಆಮೇಲೆ ಅಂತರ್ಯುದ್ಧವಾಯಿತೆಂದು ಪತ್ರಿಕೆಯಲ್ಲಿ ಓದಿ ತಿಳಿಸಿದಾಗ ಮಜೀದಸಾಬರು ಎರಡು ದಿನ ಗಣಿಗೆ ಬರಲಿಲ್ಲ. ಬರೆದ ಕಾಗದಗಳಿಗೆ ಜವಾಬಿರಲಿಲ್ಲ. ಅದು ಮುಗಿದು ಒಂದು ವರ್ಷಕ್ಕೆ ಮಾಸಿದ ಲಕೋಟೆಯೊಂದು ಬಂತು. ಅದನ್ನು ಓದಬಲ್ಲವರು ನಮ್ಮ ಸೀಮೆಗೆಲ್ಲ ಅವರೊಬ್ಬರೇ. ಶಿವರಾಯನ ಕಟ್ಟೆಯ ಮೇಲೆ ಕೂತು, ಓಣಿಯವರ ನಡುವೆ, ಬೆರಳಿಟ್ಟು ಓದಿ ಹೇಳಿದರು. ರೇಮದಿಬಾಯಿ ಬದುಕಿದ್ದರು. ಬಾಲ್ತಸಾರ್ ಇರಲಿಲ್ಲ. ಪಕ್ಕದ ಮನೆಗೆ ಬಾಂಬು ಬಿದ್ದು ಅಂಗಳದ ಒಂದೇ ಒಂದು ಕಲ್ಲು ಮೇಲೆದ್ದು ಮಗುಚಿತ್ತು, ಉಳಿದವು ಅಲುಗಿರಲಿಲ್ಲ. ಮಗುಚಿದ ಕಲ್ಲಿನ ಬೆನ್ನ ಮೇಲೆ ಏನೋ ಬಳ್ಳಿಯಂಥ ಬರಹ. ‘ಹತ್ತು ವರ್ಷ ಇದರ ಮೇಲೆ ಓಡಾಡಿದೆ, ಕೆಳಗೆ ಮಾತಿದೆಯೆಂದು ತಿಳಿದಿರಲಿಲ್ಲ. ಏನು ಬರೆದಿದ್ದೀರಿ?’ ಎಂದು ಕೇಳಿ, ಅದರ ಮೇಲೆ ಕಾಗದವಿಟ್ಟು ಇದ್ದಿಲಿನಿಂದ ತಿಕ್ಕಿದ ಪಡಿಯಚ್ಚನ್ನು ಜೊತೆಗಿಟ್ಟಿದ್ದರು.

ಕಾಗದ ಓದಿ ಕಣ್ಣು ಮಂಜಾಗಿದ್ದ ಮಜೀದಸಾಬರು ಆ ಹಾಳೆಯನ್ನು ಈ ಲೇಖಕನ ಕೈಗಿತ್ತು, “ನೀವೇ ಓದ್ರಿ, ಕನ್ನಡ ಅದ,” ಎಂದರು. ‘ಉಸ್ತೇದ್’ ಎಂಬ ಪಾಠ ಕೆತ್ತಿದ ಕಲ್ಲು ಅದು. ಕೇಳಿಸಿದಂತೆಯೇ ಕೆತ್ತಿದ್ದರು. ಈ ಲೇಖಕ ಗಟ್ಟಿಯಾಗಿ ಓದಿದ: “ಉಸ್ತಾದ್ ಅಂದ್ರ ನೀವು.”

ಕಟ್ಟೆಯ ಮೇಲಿದ್ದವರೆಲ್ಲ ಅವರ ಕಡೆ ತಿರುಗಿದರು. ಶಿವರಾಯ ಎದ್ದು ನಿಂತ. ಮಜೀದಸಾಬರು ತಮ್ಮ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದರು. ಹಿಂದೆ ಬರೀ ಗೋಡೆಯಿತ್ತು.

ಬಿರುದು ಬೇಡವೆಂದ ಹಿರಿಯರ ಮಾತನ್ನು ಸಮಿತಿ ಮನ್ನಿಸಿದೆ. ಗ್ರಂಥದ ಮುಖಪುಟದಲ್ಲಿ ‘ಮಿಸ್ತ್ರಿ ಮಜೀದಸಾಬರು’ ಎಂದಷ್ಟೇ ಇದೆ. ಆದರೆ ಮುಖಪುಟದ ಬೆನ್ನಿಗೆ, ಕೆಳಗೆ ಮಾಡಿ ಹಾಸುವ ಮಗ್ಗುಲಿಗೆ, ಆ ಇದ್ದಿಲಿನ ಪಡಿಯಚ್ಚನ್ನೇ ಅಚ್ಚು ಹಾಕಿಸಿದ್ದೇವೆ. ಅವರ ಕೈಯ ಅಕ್ಷರವನ್ನು ಅವರೇ ಅಲ್ಲಗಳೆಯಲಾರರು. ಕಲಿಯಲು ಬರುವವರು ಇನ್ನೂ ಬಾಗಿಲಲ್ಲಿ ಒಬ್ಬೊಬ್ಬರಾಗಿ ನಿಂತಿದ್ದಾರೆ. ಕಂಡ ಕಂಡ ನೆಲ ತಟ್ಟುವ ಆ ಬೆರಳುಗಳಿಗೆ ದಣಿವು ಬಾರದಿರಲಿ, ಆಶಾಬಿಯವರ ಗದರಿಕೆ ಅವರ ಬೆನ್ನಿಗೆ ಬಹುಕಾಲ ಇರಲಿ. ಇಷ್ಟು ಹೊತ್ತು ಗ್ರಂಥದ ಭಾಷೆಯಲ್ಲಿ ಬರೆದವರು ಕೊನೆಯ ಮಾತನ್ನು ನಮ್ಮ ಓಣಿಯ ಭಾಷೆಯಲ್ಲೇ ಹೇಳುತ್ತೇವೆ: ನೂರ್ ವರ್ಷ ಬಾಳ್ರಿ, ಉಸ್ತಾದ್.