ಹೆಸರಿಲ್ಲದ ಹಾಡುಗಳಿಗೆ ಜಾಗ ಬಿಟ್ಟುಕೊಟ್ಟವರು

ಪ್ರಾಚೀನ ಚೀನೀ ಕಾವ್ಯವನ್ನು ಮೂಲದಲ್ಲೇ ಓದಿ, ಓದಿಸಿ, ಅದಕ್ಕಾಗಿಯೇ ಬಾಳು ಸವೆಸಿದ ಕನ್ನಡಿಗರು ವಿರಳ. ಆ ವಿರಳರಲ್ಲಿ ಮೈಸೂರಿನ ಸೂರ್ಯನಾರಾಯಣರು ಮೊದಲ ಸಾಲಿನವರು. ನ್ಯೂಜೆರ್ಸಿಯ ಸಣ್ಣ ಕಾಲೇಜೊಂದರಲ್ಲಿ ಪಾಠ ಹೇಳಿ ಈ ೧೯೭೯ರ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಗೌರವಿಸುವಾಗ, ಅವರು ಪಡೆದದ್ದಕ್ಕಿಂತ ಬಿಟ್ಟುಕೊಟ್ಟದ್ದನ್ನು ನೆನೆಯುವುದೇ ಉಚಿತ.

ಶಾಂತಿನಿಕೇತನದಲ್ಲಿ ಚೀನೀ ಭಾಷೆ ಕಲಿತು ಅದನ್ನೇ ಕಲಿಸುತ್ತಿದ್ದ ಅವರಿಗೆ ೧೯೬೨ರ ಯುದ್ಧದ ತರುವಾಯ ವಿದ್ಯಾರ್ಥಿಗಳು ಇಲ್ಲವಾದರು, ಸ್ನೇಹಿತರೂ ಕಡಿಮೆಯಾದರು. ೧೯೬೭ರಲ್ಲಿ ಪತ್ನಿ ಪಂಕಜಾ ಅವರೊಡನೆ ನ್ಯೂಜೆರ್ಸಿಯ ಹೋಬೋಕನ್ನಿಗೆ ಬಂದು ನೆಲೆಸಿದರು. ಕೂತಲ್ಲಿ ಕೂರಲಾರದ ಸ್ವಭಾವ ಅವರದು. ಶನಿವಾರ ಬಂತೆಂದರೆ ಪ್ರಿನ್ಸ್‌ಟನ್ನಿನ ಗ್ರಂಥಾಲಯಕ್ಕೆ ಹೋಗಿ, ಹಳೆಯ ಸಂಕಲನಗಳನ್ನು ಹರಡಿಕೊಂಡು, ಒಂದರಲ್ಲಿರುವ ಕವಿತೆ ಇನ್ನೊಂದರಲ್ಲಿ ಏಕಿಲ್ಲವೆಂದು ಚಡಪಡಿಸುತ್ತಿದ್ದರು. ನ್ಯೂಯಾರ್ಕಿನ ಪ್ರಕಾಶಕರೊಬ್ಬರು ಚೀನೀ ಕವಿತೆಗಳ ಇಂಗ್ಲಿಷ್ ಸಂಕಲನವೊಂದನ್ನು ಕೇಳಿದಾಗ ಮೈಮರೆತು ದುಡಿದರು. ಅದಕ್ಕೆ ಬರೆದ ದೀರ್ಘ ಪೀಠಿಕೆ ಅವರ ಪಾಂಡಿತ್ಯದ ಸಾರವಾಗಿತ್ತು. ಟೆನ್ಯೂರ್, ಅಂದರೆ ಕಾಯಂ ಹುದ್ದೆ, ಕೊಡುವ ಕಾಲೇಜಿನ ಕಮಿಟಿ ತೂಗಿ ನೋಡಬೇಕಾಗಿದ್ದದ್ದೂ ಅದನ್ನೇ.

ಪುಸ್ತಕ ಅಚ್ಚಿಗೆ ಹೋಗುವ ಮೊದಲಿನ ಚಳಿಗಾಲದಲ್ಲಿ ಒಂದು ದಿನ ಅವರು ತರಗತಿಯಲ್ಲಿ ಹೇಳುತ್ತಿದ್ದರು: ಸಂಕಲನಕಾರ ಎತ್ತಿಕೊಂಡದ್ದು ಉಳಿಯಿತು, ಅವನು ಕೈಬಿಟ್ಟದ್ದು ಕಾಲದ ಪಾಲಾಯಿತು. ಆಗ ಮಾರ್ಗರೆಟ್ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. ಅವಳ ತಮ್ಮ ಆಗ ವಿಯೆಟ್ನಾಮಿನ ಯುದ್ಧದಲ್ಲಿದ್ದ.

"ನೀವು ಯಾವುದನ್ನು ಕೈಬಿಟ್ಟಿದ್ದೀರಿ, ಸರ್?"

ಗಡಿಗೆ ಹೋದ ಸಿಪಾಯಿಗಳ ಹೆಂಡಂದಿರ ಹಾಡುಗಳನ್ನು, ಕವಿಯ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ, ಸೂರ್ಯನಾರಾಯಣರು ತೆಗೆದುಹಾಕಿದ್ದರು. ಹಾಗೆಂದು ಒಪ್ಪಿಕೊಂಡು ಪಾಠ ಮುಗಿಸಿದರು. ಮನೆಗೆ ಬಂದರೂ ಮನಸ್ಸು ಒಂದೆಡೆ ನಿಲ್ಲಲಿಲ್ಲ. ಅವರ ತಾಯಿ ಬೀಸುತ್ತ ಹೇಳುತ್ತಿದ್ದ ಪದಗಳಿಗೆ ಯಾರ ಹೆಸರಿತ್ತು? ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ಓಡಾಡಿದರು. ಮರುದಿನ ಪ್ರಕಾಶಕರನ್ನು ವಿಚಾರಿಸಿದರೆ, ಒಂದು ಪುಟವನ್ನೂ ಹೆಚ್ಚಿಸಲಾಗದು, ಏನಾದರೂ ಸೇರಿಸಬೇಕಿದ್ದರೆ ಅಷ್ಟೇ ತೆಗೆಯಬೇಕು ಎಂಬ ಉತ್ತರ ಬಂತು.

"ಪೀಠಿಕೆ ತೆಗೆದುಬಿಡ್ತೀನಿ," ಎಂದರು ಪತ್ನಿಗೆ.

"ಅಲ್ರೀ, ಕಮಿಟಿಯವರು ನೋಡೋದೇ ಅದನ್ನ ಅಂತ ನೀವೇ ಹೇಳಿದ್ರಲ್ಲ?"

"ಹೌದು ಕಣೇ. ಪೀಠಿಕೆ ನಾಳೆ ಇನ್ಯಾರಾದ್ರೂ ಬರೀತಾರೆ. ಈ ಹಾಡುಗಳನ್ನ ಸೇರಿಸೋರು ಸಿಗ್ತಾರೋ ಇಲ್ವೋ."

"ಆಯ್ತು, ಹಾಗೇ ಮಾಡಿ. ಆದ್ರೆ ಮಾಡಿದ್ಮೇಲೆ ಹೀಗೆ ಓಡಾಡ್ಬೇಡಿ, ನೋಡಿದ್ರೆ ನನಗೆ ತಲೆ ಸುತ್ತತ್ತೆ."

೧೯೭೨ರಲ್ಲಿ ಪುಸ್ತಕ ಹೊರಬಂದಾಗ ಅದರಲ್ಲಿ ಹೆಸರಿಲ್ಲದ ಹಾಡುಗಳಿದ್ದವು. ಪೀಠಿಕೆಯಿದ್ದ ಕಡೆ ಎರಡು ಪ್ಯಾರಾದ ಮುನ್ನುಡಿ ಮಾತ್ರ ಇತ್ತು. ಸ್ವತಂತ್ರ ಸಂಶೋಧನೆ ಕಾಣಿಸದು ಎಂದು ಕಮಿಟಿ ಟೆನ್ಯೂರ್ ನಿರಾಕರಿಸಿತು. ವರ್ಷವರ್ಷವೂ ನವೀಕರಣಕ್ಕೆ ಕಾಯುವ ಲೆಕ್ಚರರ್ ಆಗಿಯೇ ಅವರು ಉಳಿದರು. ಪಂಕಜಾ ವಿಮಾ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸಕ್ಕೆ ಸೇರಿದರು. ಪ್ರತಿ ವಸಂತದಲ್ಲೂ ಕೆಲಸ ಉಳಿಯುವುದೋ ಹೋಗುವುದೋ ಎಂಬ ಆತಂಕ ಆ ಮನೆಯಲ್ಲಿತ್ತು. ಆದರೂ ವಿದ್ಯಾರ್ಥಿಗಳು ಯಾವಾಗ ಹೋದರೂ ಚಿತ್ರಾನ್ನ, ಕಾಫಿ ತಪ್ಪಿದ್ದಿಲ್ಲ.

ಪುಸ್ತಕ ಬಂದ ಮುಂದಿನ ವರ್ಷ ಮಾರ್ಗರೆಟ್ಟಳ ತಮ್ಮ ಕಾಲು ಊನವಾಗಿ ಹಿಂದಿರುಗಿದ. ಅಕ್ಕನ ಒತ್ತಾಯಕ್ಕೆ ಸೂರ್ಯನಾರಾಯಣರ ತರಗತಿಗೆ ಸೇರಿದ. ಯಾರೊಡನೆಯೂ ಮಾತಿಲ್ಲದೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಆ ಯುವಕ, ಒಂದು ದಿನ ಎಲ್ಲರೂ ಹೋದ ಮೇಲೆ, ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಮುಂದೆ ಬಂದ.

"ಈ ಹಾಡಿನ ಹೆಂಗಸಿನ ಗಂಡ ವಾಪಸ್ ಬಂದನೇ?"

"ಗೊತ್ತಿಲ್ಲಪ್ಪ. ಹಾಡು ಅಷ್ಟೇ ಉಳಿದಿರೋದು."

"ಗೊತ್ತಿಲ್ಲದೆ ನಿಮಗೆ ಹೇಗೆ ನಿದ್ದೆ ಬರುತ್ತೆ?"

"ಬರೋದಿಲ್ಲ," ಎಂದರು ಮೇಷ್ಟ್ರು.

ಯುವಕ ಅವರ ಎದುರಿನ ಕುರ್ಚಿ ಎಳೆದುಕೊಂಡು ಕುಳಿತ. ಅಂದು ಸಂಜೆಯವರೆಗೂ ಇಬ್ಬರೂ ಆ ಹಾಡುಗಳನ್ನು ಒಂದೊಂದಾಗಿ ಓದಿದರು. ಯುದ್ಧದ ಬಗ್ಗೆ ಅವನು ಮೊದಲ ಬಾರಿಗೆ ಬಾಯಿ ಬಿಟ್ಟದ್ದು ಅಲ್ಲಿಯೇ ಎಂದು ಮಾರ್ಗರೆಟ್ ಇಂದಿಗೂ ಹೇಳುತ್ತಾಳೆ. ಟೆನ್ಯೂರ್ ಹೋದದ್ದಕ್ಕೆ ಸೂರ್ಯನಾರಾಯಣರು ಆಮೇಲೆ ಎಂದೂ ಮರುಗಲಿಲ್ಲ.

ಈಗ ಅವರು ಅದೇ ಕಾವ್ಯವನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದಾರೆ. ಬೆಳಗ್ಗೆ ಆರಿಸಿದ ಕವಿತೆಯನ್ನು ಸಂಜೆ ತೆಗೆಯುತ್ತಾರೆ, ತೆಗೆದದ್ದಕ್ಕೆ ಮರುದಿನ ಪರಿತಪಿಸುತ್ತಾರೆ. ಈ ಹಿರಿಯರಿಗೆ ಭಗವಂತನು ದೀರ್ಘಾಯುಷ್ಯವನ್ನೂ ಗಟ್ಟಿ ಕಣ್ಣುಗಳನ್ನೂ ಕರುಣಿಸಲಿ ಎಂಬುದು ಶಿಷ್ಯರೆಲ್ಲರ ಪ್ರಾರ್ಥನೆ. ವಿಶ್ರಾಂತಿಯನ್ನು ಮಾತ್ರ ಯಾರೂ ಹಾರೈಸಿಲ್ಲ. ಹಾರೈಸಿದರೂ ಅವರು ಅದನ್ನು ಒಲ್ಲರು.