ಟೈಪಕ್ಕನ ಬಲಗೈ

ನ್ಯಾಯಾಲಯದ ಹಿಂಬದಿಯ ಮೆಟ್ಟಿಲ ಕೆಳಗೆ ಮೂರು ಮೇಜುಗಳಿದ್ದವು. ನಡುವಿನದು ಟೈಪಕ್ಕನದು. ಅವಳಿಗೊಂದು ಸ್ವಂತ ಹೆಸರಿತ್ತು, ಆದರೆ ಇಪ್ಪತ್ತೇಳು ವರ್ಷ ಒಂದೇ ಜಾಗದಲ್ಲಿ ಕೂತು ಅರ್ಜಿ, ಪ್ರಮಾಣಪತ್ರ, ಕರಾರುಗಳನ್ನು ಬೆರಳಚ್ಚು ಮಾಡಿದವಳನ್ನು ಹೆಸರು ಹಿಡಿದು ಕರೆಯುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಹಳೆಯ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಮೇಲೂ ಅವಳು ಕೀಲಿಗಳನ್ನು ಹಳೆಯ ಜೋರಿನಲ್ಲೇ ಕುಟ್ಟುತ್ತಿದ್ದಳು. ವರ್ಷಕ್ಕೊಂದು ಕೀಬೋರ್ಡ್ ಅವಳ ಕೈಗೆ ಬಲಿಯಾಗುತ್ತಿತ್ತು.

ಅಪಘಾತದ ಅರ್ಜಿಗಳಂತೂ ಅವಳಿಗೆ ಬಾಯಿಪಾಠ. ‘ಅರ್ಜಿದಾರರು ರಸ್ತೆಯ ಬದಿಯಲ್ಲಿ ಎಚ್ಚರಿಕೆಯಿಂದ ನಡೆದು ಹೋಗುತ್ತಿದ್ದಾಗ’ ಎಂಬಲ್ಲಿಗೆ ಬಂದರೆ ಬೆರಳುಗಳು ತಾವೇ ಓಡುತ್ತಿದ್ದವು. ಬಂದವರಿಗೆ ಬುದ್ಧಿಯನ್ನೂ ಹೇಳುತ್ತಿದ್ದಳು. ಯಾವ ಕಾಗದಕ್ಕೂ ಸಹಿ ಹಾಕಬೇಡಿ, ನೋಡಿದವರ ಫೋನ್ ನಂಬರ್ ತೊಗೊಳ್ಳಿ, ತಡಮಾಡದೆ ವಕೀಲರನ್ನು ಕಾಣಿ.

ಆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ, ಔಷಧಿ ಅಂಗಡಿಯ ಮುಂದೆ, ಬಿಳಿ ಪಟ್ಟೆಗಳ ಮೇಲೆ ರಸ್ತೆ ದಾಟುತ್ತಿದ್ದ ಅವಳಿಗೆ ಪೀಠೋಪಕರಣ ಸಾಗಿಸುವ ವ್ಯಾನೊಂದು ಎಡಕ್ಕೆ ತಿರುಗುವಾಗ ಗುದ್ದಿತು. ಬೀಳುವಾಗ ಬಲಗೈ ಊರಿದಳು. ಮಣಿಕಟ್ಟು ಎರಡು ಕಡೆ ಮುರಿಯಿತು.

ಆಸ್ಪತ್ರೆಯಲ್ಲಿ ಪ್ಲೇಟು, ಸ್ಕ್ರೂ ಹಾಕಿ ಕೈ ಕೂಡಿಸಿದರು. ಮಂಪರಿನಲ್ಲಿದ್ದಾಗ ಪೊಲೀಸಿನವರೊಬ್ಬರು ಬಂದು ಏನೋ ಕೇಳಿದರು, ಅವಳು ಏನೋ ಹೇಳಿದಳು. ಶುಕ್ರವಾರ ಮನೆಗೆ ಕಳಿಸಿದರು. ಮನೆಯೆಂದರೆ ಎರಡು ಕೋಣೆ, ಅದರಲ್ಲಿ ಅವಳು ಮತ್ತು ತೀರಿಹೋದ ಅಣ್ಣನ ಹೆಂಡತಿ. ಅತ್ತಿಗೆ ಹೊಲಿಗೆ ಯಂತ್ರವನ್ನು ಅಡುಗೆಮನೆಗೆ ಸರಿಸಿ ಕಿಟಕಿಯ ಪಕ್ಕ ಹಾಸಿಗೆ ಹಾಕಿದಳು.

“ನಿನಗೆ ಗೊತ್ತಿರೋ ವಕೀಲರಿಗೆ ಫೋನ್ ಮಾಡ್ಲಾ?” ಎಂದು ಅತ್ತಿಗೆ ಶುಕ್ರವಾರವೇ ಕೇಳಿದಳು.

“ಬಿಡಿ ಅತ್ತಿಗೆ. ಆಮೇಲೆ ನೋಡೋಣ.”

ಶನಿವಾರವೂ ಅದೇ ಉತ್ತರ. ಅವಳು ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಅರ್ಜಿ, ವಾಯಿದೆ, ಸಾಕ್ಷಿ, ಮತ್ತೆ ವಾಯಿದೆ, ಈ ದಾರಿಯ ಒಂದೊಂದು ಕಲ್ಲೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಮೊದಲ ಹೆಜ್ಜೆ ಎತ್ತಿಡಲು ಕಾಲು ಬರಲಿಲ್ಲ.

ಭಾನುವಾರ ವ್ಯಾನಿನ ಮಾಲೀಕರ ಕಡೆಯ ಮ್ಯಾನೇಜರ್ ಬಂದ. ಮೃದುವಾದ ಮಾತು, ಕೈಯಲ್ಲಿ ಹಣ್ಣಿನ ಚೀಲ.

“ಪಾಪ, ನಮ್ಮ ಡ್ರೈವರ್ ಅವತ್ತಿನಿಂದ ಊಟ ಬಿಟ್ಟಿದ್ದಾನೆ ಅಮ್ಮ. ಆಸ್ಪತ್ರೆ ಖರ್ಚು ಪೂರ್ತಿ ನಮ್ಮದು. ನೀವು ಕೋರ್ಟು ಕಚೇರಿ ಅಂತ ಅಲೆಯೋದು ಬೇಡ. ಇಲ್ಲೊಂದು ಸಣ್ಣ ಸಹಿ ಆದ್ರೆ ಮುಗೀತು.”

ಅವಳು ಕಾಗದ ನೋಡಿದಳು. ಅಂಚು ಓರೆಯಾಗಿತ್ತು, ‘ಪರಿಹಾರ’ದಲ್ಲಿ ಅಕ್ಷರ ತಪ್ಪಿತ್ತು. ಕೊನೆಯಲ್ಲಿ, ‘ಇನ್ನು ಮುಂದೆ ನನ್ನದು ಯಾವುದೇ ತಕರಾರು ಇರುವುದಿಲ್ಲ’ ಎಂದಿತ್ತು. ಇಂಥದ್ದಕ್ಕೆ ಸಹಿ ಹಾಕಿ ಆಮೇಲೆ ಅಳುತ್ತಾ ಬಂದವರನ್ನು ಅವಳು ಎಷ್ಟು ಬೈದಿದ್ದಳೋ ಲೆಕ್ಕವಿಲ್ಲ. ಈಗ ಅವರ ಮೇಲೆ ಕೋಪವಿರಲಿಲ್ಲ. ಮುಗಿದುಹೋಗುವುದು ಎಷ್ಟು ಒಳ್ಳೆಯದು ಎಂದಷ್ಟೇ ಅನಿಸಿತು.

“ಪೆನ್ನು ಕೊಡಿ,” ಎಂದಳು.

ಅತ್ತಿಗೆ ಬಾಗಿಲಲ್ಲಿ ನಿಂತು, “ಏ, ಏನ್ ಮಾಡ್ತಿದ್ದೀಯ ನೀನು?” ಎಂದಳು.

ಮ್ಯಾನೇಜರ್ ಪಟ್ಟಿ ಸುತ್ತಿದ ಬಲಗೈ ನೋಡಿದ. “ಓ, ಸಹಿ ಕಷ್ಟ ಆಗುತ್ತೆ. ಪರವಾಗಿಲ್ಲ, ಎಡಗೈ ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ,” ಎಂದು ಜೇಬಿನಿಂದ ಶಾಯಿಯ ಪುಟ್ಟ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಬರುವಾಗಲೇ ತಂದಿದ್ದ.

ಟೈಪಕ್ಕ ನೀಲಿ ಶಾಯಿಯನ್ನು ನೋಡಿದಳು. ಇಪ್ಪತ್ತೇಳು ವರ್ಷದಲ್ಲಿ ಎಷ್ಟೋ ಜನರ ಬೆರಳನ್ನು ಅವಳೇ ಹಿಡಿದು ಒತ್ತಿಸಿದ್ದಳು, ತನ್ನದನ್ನು ಯಾವತ್ತೂ ಒತ್ತಿರಲಿಲ್ಲ.

“ನಾನು ಹೆಬ್ಬೆಟ್ಟಲ್ಲ,” ಎಂದಳು ನಿಧಾನವಾಗಿ. “ಕಾಗದ ಇಟ್ಟು ಹೋಗಿ. ಓದ್ತೀನಿ.”

“ಓದೋಕೇನಿದೆ ಅಮ್ಮ ಅದರಲ್ಲಿ?”

“ತಪ್ಪುಗಳಿವೆ,” ಎಂದಳು.

ಆತ ಕಾಗದವನ್ನು ಇಟ್ಟು ಹೋಗಲಿಲ್ಲ. ಹಣ್ಣು ಮಾತ್ರ ಇಟ್ಟು ಹೋದ. ಅವನು ಮೆಟ್ಟಿಲಿಳಿಯುವ ಮೊದಲೇ ಅತ್ತಿಗೆ ಫೋನ್ ಎತ್ತಿಕೊಂಡಿದ್ದಳು.

ಸಂಜೆ ಕಿರಿಯ ವಕೀಲೆ ಬಂದಳು. ಅವಳ ಮೊದಲ ಅರ್ಜಿಯನ್ನು ಟೈಪಕ್ಕನೇ ತಿದ್ದಿ ಕೊಟ್ಟಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಕುರ್ಚಿ ಎಳೆದುಕೊಂಡು ಮೊದಲು ಗದರಿದಳು.

“ಆರು ದಿನ ಅಕ್ಕ. ಬೇರೆ ಯಾರಾದ್ರೂ ಆಗಿದ್ರೆ ಅರ್ಥ ಆಗ್ತಿತ್ತು. ನೀವು?”

“ಬೇರೆಯವರಿಗೆ ಹೇಳೋದು ಸುಲಭ ಕಣಮ್ಮ. ನನಗೆ ಸುಸ್ತಾಗಿದೆ.”

“ಸುಸ್ತಾಗ್ಲಿ. ಅದಕ್ಕೇ ನಾನಿರೋದು. ನೀವು ಮಲಗಿಕೊಂಡೇ ಉತ್ತರ ಹೇಳಿ.”

ಅವಳು ಒಂದೊಂದೇ ಕೇಳುತ್ತಾ ಬರೆದುಕೊಂಡಳು. ಅವತ್ತು ಉಟ್ಟಿದ್ದ ಸೀರೆ ಎಲ್ಲಿ? ಒಗೆಯಲು ನೆನೆಹಾಕಿಲ್ಲವಷ್ಟೆ? ಸೊಂಟದ ಮೇಲಿನ ನೀಲಿಗಟ್ಟಿದ ಗಾಯದ ಫೋಟೊವನ್ನು ಅತ್ತಿಗೆಯ ಕೈಯಲ್ಲಿ ತೆಗೆಸಿದಳು. ಆಸ್ಪತ್ರೆಯ ಚೀಟಿಗಳನ್ನೆಲ್ಲ ಒಂದು ಕವರಿಗೆ ಹಾಕಿದಳು. ಔಷಧಿ ಅಂಗಡಿಗೆ ಕ್ಯಾಮೆರಾ ಇದೆಯೇ ಎಂದು ಕೇಳಿದಾಗ ಟೈಪಕ್ಕನಿಗೆ ನೆನಪಿರಲಿಲ್ಲ. ಅತ್ತಿಗೆಗೆ ನೆನಪಿತ್ತು.

ಸೋಮವಾರ ಬೆಳಿಗ್ಗೆ ವಕೀಲೆ ಅಂಗಡಿಗೆ ಹೋದಳು. “ನಮ್ಮಲ್ಲಿ ಒಂದು ವಾರದ್ದು ಮಾತ್ರ ಇರುತ್ತೆ, ಆಮೇಲೆ ತಾನೇ ಅಳಿಸಿಹೋಗುತ್ತೆ. ನಾಳೆ ಈ ಹೊತ್ತಿಗೆ ಬಂದಿದ್ರೆ ಇರ್ತಿರಲಿಲ್ಲ,” ಎಂದ ಅಂಗಡಿಯವನು. ಅವಳು ಅಲ್ಲೇ ನಿಂತು ನಕಲು ಮಾಡಿಸಿಕೊಂಡು, ಅದಕ್ಕೆ ಅವನಿಂದ ಒಂದು ಪತ್ರವನ್ನೂ ಬರೆಸಿಕೊಂಡು ಠಾಣೆಗೆ ಹೋದಳು. ಠಾಣೆಯ ದಾಖಲೆಯಲ್ಲಿ ಡ್ರೈವರ್ ಹೇಳಿದ್ದನ್ನೇ ಬರೆದಿದ್ದರು: ಹೆಂಗಸು ಫೋನಿನಲ್ಲಿ ಮಾತಾಡುತ್ತಾ ಓಡಿಬಂದು ವ್ಯಾನಿಗೆ ಅಡ್ಡ ಬಿದ್ದಳು.

“ಇವಳು? ಓಡಿ?” ಎಂದಳು ಅತ್ತಿಗೆ, ಸುದ್ದಿ ಕೇಳಿ. “ನಾನು ಈ ಮನೆಗೆ ಬಂದು ಮೂವತ್ತು ವರ್ಷ ಆಯ್ತು. ಒಲೆ ಮೇಲೆ ಹಾಲು ಉಕ್ಕಿದ್ರೂ ಇವಳು ಓಡಿದ್ದು ನೋಡಿಲ್ಲ.”

ಟೈಪಕ್ಕ ನಕ್ಕಳು. ನಕ್ಕರೆ ಸೊಂಟ ನೋಯುತ್ತಿತ್ತು.

ಆಮೇಲೆ ವಕೀಲೆ ಫೋನಿನಲ್ಲಿ ಆ ದೃಶ್ಯ ತೋರಿಸಿದಳು. ಬೂದು ಸೀರೆಯ ದಪ್ಪನೆಯ ಹೆಂಗಸೊಬ್ಬಳು ಪಟ್ಟೆಯ ಅಂಚಿಗೆ ಬಂದು ನಿಂತಳು, ಎರಡೂ ಕಡೆ ನೋಡಿದಳು, ಕೈಚೀಲವನ್ನು ಹೆಗಲು ಬದಲಿಸಿ ಹೆಜ್ಜೆ ಇಟ್ಟಳು. ಅರ್ಧ ದಾಟಿದ್ದಳು, ವ್ಯಾನು ನಿಲ್ಲದೆ ತಿರುಗಿತು.

“ಇಷ್ಟು ಮೆಲ್ಲಗೆ ನಡೀತೀನಾ ನಾನು?” ಎಂದು ಟೈಪಕ್ಕ ಕೇಳಿದಳು. ವಕೀಲೆ ಇನ್ನೊಮ್ಮೆ ತೋರಿಸಲು ಹೋದಾಗ ಬೇಡವೆಂದು ಕೈಯಾಡಿಸಿದಳು.

ಅರ್ಜಿಯನ್ನು ಬೆರಳಚ್ಚು ಮಾಡಿದ್ದು ಪಕ್ಕದ ಮೇಜಿನ ಗುಮಾಸ್ತ, ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಅವಳು ಎದುರಿನ ಸ್ಟೂಲಿನ ಮೇಲೆ, ಗಿರಾಕಿಗಳು ಕೂರುವಲ್ಲಿ ಕೂತಿದ್ದಳು. ‘ಎಚ್ಚರಿಕೆಯಿಂದ ನಡೆದು ಹೋಗುತ್ತಿದ್ದಾಗ’ ಎಂದು ಅವನ ಬೆರಳು ಓಡತೊಡಗಿದಾಗ ತಡೆದಳು.

“ಅದು ಬೇಡ. ನಿಂತಳು, ಎರಡೂ ಕಡೆ ನೋಡಿದಳು, ಆಮೇಲೆ ನಡೆದಳು ಅಂತ ಹಾಕು.”

ಪ್ರಕರಣ ಎರಡು ವರ್ಷ ನಾಲ್ಕು ತಿಂಗಳು ನಡೆಯಿತು. ವಿಮೆಯವರ ವಕೀಲರು ಠಾಣೆಯ ಮೊದಲ ದಾಖಲೆಯನ್ನೇ ಹಿಡಿದು ಜಗ್ಗಿದರು, ಆದರೆ ಆ ದೃಶ್ಯದ ಮುಂದೆ ಅದು ನಿಲ್ಲಲಿಲ್ಲ. ವಾಯಿದೆಯ ದಿನ ಅವಳು ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದಳು, ಕೂತಲ್ಲೇ ತೂಕಡಿಸುತ್ತಿದ್ದಳು. ಉಳಿದ ದಿನ ಬೆಳಿಗ್ಗೆ ವ್ಯಾಯಾಮ ಮಾಡಿಸುವವರ ಹತ್ತಿರ ಹೋಗಿ ರಬ್ಬರಿನ ಚೆಂಡು ಹಿಚುಕುತ್ತಿದ್ದಳು. ಕಿರುಬೆರಳು, ಉಂಗುರದ ಬೆರಳು ಕೊನೆಗೂ ಪೂರ್ತಿ ಮಡಚಲು ಬರಲಿಲ್ಲ.

ತಪ್ಪು ಪೂರ್ತಿ ವ್ಯಾನಿನದೇ ಎಂದು ತೀರ್ಪಾಯಿತು. ಬೆರಳಚ್ಚುಗಾರ್ತಿಗೆ ಬೆರಳು ಹೋಗುವುದೆಂದರೇನು ಎಂಬುದನ್ನು ನ್ಯಾಯಾಧೀಶರು ಒಪ್ಪಿ ಪರಿಹಾರ ಕೊಟ್ಟರು, ಆದರೆ ವಕೀಲೆ ಕೇಳಿದಷ್ಟಲ್ಲ. ಮೇಲಿನ ಕೋರ್ಟಿಗೆ ಹೋಗೋಣವೇ ಎಂದು ವಕೀಲೆ ಕೇಳಿದಾಗ ಟೈಪಕ್ಕ ಬೇಡವೆಂದು ತಲೆಯಲ್ಲಾಡಿಸಿದಳು.

“ನಿನ್ನಿಂದ ಆಗುತ್ತೆ ಅಂತ ಗೊತ್ತು. ನನ್ನಿಂದ ಆಗಲ್ಲ.”

ಮನೆಗೆ ಹೋಗಿ ಮಾರನೆಯ ಮಧ್ಯಾಹ್ನದವರೆಗೆ ಮಲಗಿದಳು. ಅತ್ತಿಗೆ ಎಬ್ಬಿಸಲಿಲ್ಲ.

ಅದರ ಮುಂದಿನ ವಾರ ಮತ್ತೆ ಕೆಲಸಕ್ಕೆಂದು ಮೆಟ್ಟಿಲ ಕೆಳಗೆ ಹೋದರೆ ಅವಳ ಮೇಜಿನ ಮೇಲೆ ಗುಮಾಸ್ತನ ಪ್ರಿಂಟರು, ಕಾಗದದ ಕಟ್ಟು, ಊಟದ ಡಬ್ಬಿ.

“ಖಾಲಿ ಇತ್ತಲ್ಲ ಅಕ್ಕ,” ಎಂದ, ತಲೆ ತುರಿಸಿಕೊಳ್ಳುತ್ತಾ.

ಜಗಳವಾಡಬೇಕೆಂದೇ ಇದ್ದಳು. ಆದರೆ ಡಬ್ಬಿಯನ್ನು ಸರಿಸಿ ಆ ಮೂಲೆಯಲ್ಲಿ ಕೂತು, ಅವನು ಹೊಡೆದಿಟ್ಟಿದ್ದ ಕರಾರೊಂದನ್ನು ಎತ್ತಿಕೊಂಡು ಕೆಂಪು ಪೆನ್ನು ಕೇಳಿದಳು. ಎಡಗೈಯಲ್ಲೇ ಏಳು ತಪ್ಪು ಗುರುತಿಸಿದಳು. ಅಂದಿನಿಂದ ಅವನು ಹೊಡೆಯುತ್ತಾನೆ, ಅವಳು ಓದಿ ತಿದ್ದುತ್ತಾಳೆ. ಗಾಯಗೊಂಡವರ ಕಡೆಯವರು ಬಂದರೆ ಕುಳಿತುಕೊಳ್ಳಲೂ ಬಿಡದೆ ಮೇಲಿನ ಮಹಡಿಗೆ, ವಕೀಲೆಯ ಕೋಣೆಗೆ ಅಟ್ಟುತ್ತಾಳೆ. ಮಧ್ಯಾಹ್ನ ಮೂರರ ಹೊತ್ತಿಗೆ ಮೇಜಿನ ಮೇಲೆ ತಲೆಯಿಟ್ಟು ಹತ್ತು ನಿಮಿಷ ಮಲಗುತ್ತಾಳೆ, ಆಗ ಗುಮಾಸ್ತ ಕೀಲಿಗಳನ್ನು ಮೆಲ್ಲಗೆ ಒತ್ತುತ್ತಾನೆ.